ಭೀಮಶಾ ಕಾಕಾನ ಕೆಂಪು ಸ್ಟೇಜುಗಳು

ನಮ್ಮ ಭೀಮಶಾ ಕಾಕಾ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದಾಗ ಚೀಲ ಒಪ್ಪಿಸಿದ, ಟಿಕೆಟ್ ಯಂತ್ರ ಒಪ್ಪಿಸಿದ, ಸೀಟಿಯನ್ನು ಮಾತ್ರ ಒಪ್ಪಿಸಲಿಲ್ಲ. ಅದು ಅವನ ಕೊರಳಲ್ಲೇ ಉಳಿಯಿತು. ಚಹಾ ಬೇಕಾದರೆ ಒಂದು ಸೀಟಿ, ಕುಡಿದು ಮುಗಿದರೆ ಎರಡು. ಒಂದಕ್ಕೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು ಎಂಬುದನ್ನು ಕಮಲಾಪುರದ ನಮ್ಮ ಓಣಿಯ ಆಡುಗಳೂ ಕಲಿತಿದ್ದವು. ಗುಂಡಮ್ಮ ಕಾಕಿ ಕಲಿಯಲಿಲ್ಲ. "ಸೀಟಿ ಹೊಡದ್ರ ಚಾ ಬರಂಗಿಲ್ಲ. ಬಾಯಿಲೆ ಕೇಳು," ಎನ್ನುತ್ತಿದ್ದಳು.

ಇಂಥ ಕಾಕಾನ ಕೈಗೆ ಕಲಬುರಗಿ ಕೋಟೆ ಸಿಕ್ಕಿತು.

ಪದ್ಮಜಾ ಮೇಡಂ ಎಂಬ ಕಾಲೇಜಿನ ಉಪನ್ಯಾಸಕಿಯೊಬ್ಬರು, ಭಾನುವಾರ ಕೋಟೆ ನೋಡಲು ಬರುವ ಪ್ರವಾಸಿಗರಿಗೆ ಪುಕ್ಕಟೆ ಇತಿಹಾಸ ಹೇಳಲು ಸ್ವಯಂಸೇವಕರನ್ನು ಕರೆದಿದ್ದರು. ಬರೀ ಸುಲ್ತಾನರ ಕಥೆ ಸಾಲದು, ಈ ನೆಲದ ಎಲ್ಲ ಜಾತಿ, ಎಲ್ಲ ಧರ್ಮದ ಸಾದಾ ಮಂದಿಯ ಕಥೆಯೂ ಬೇಕು ಎಂಬುದು ಅವರ ಆಸೆ. ಕಾಕಾ ಹೋದ. ಬಸ್ಸಿನ ತುಂಬ ಜನರನ್ನು ಸುಮ್ಮನಿರಿಸಿದ ಗಂಟಲು ಅವನದು. ಮೇಡಂ ಮೆಚ್ಚಿ ಅವನ ಕೊರಳಿಗೆ ನೀಲಿ ದಾರದ ಬಿಲ್ಲೆ ಹಾಕಿದರು. ಅದರ ಮೇಲೆ 'ಕೋಟೆ ಮಿತ್ರ' ಎಂದು ಬರೆದಿತ್ತು.

ಸಂಜೆ ಕಾಕಾ ಬಿಲ್ಲೆಯನ್ನು ಅಂಗಿಯ ಹೊರಗೆ ಬಿಟ್ಟುಕೊಂಡು ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ತನ್ವೀರನ ಕೆಂಪು ಬಾಳೆಹಣ್ಣಿನ ಗಾಡಿಯ ಮುಂದೆ ನಿಂತ. ಹಣ್ಣು ಕೊಳ್ಳಲಿಲ್ಲ, ಸುಮ್ಮನೆ ನಿಂತ.

"ಏನ್ ಕಾಕಾ, ಮತ್ತ ನೌಕರಿ ಹತ್ತೀತೇನು?" ಎಂದ ತನ್ವೀರ್.

"ಹತ್ತಿಲ್ಲೋ. ಕರದು ಕೊಟ್ಟಾರ. ಕೋಟಿ ನನ್ನ ಕೈಯಾಗ ಕೊಟ್ಟಾರ."

"ಪೂರಾ ಕೋಟಿ?"

"ಖಂದಕ ಸೈತ."

ದೀಪ ಹಚ್ಚುವ ಹೊತ್ತಿಗೆ ಊರೆಲ್ಲ ಅವನನ್ನು ಕೋಟೆ ಸಾಹೇಬ ಎನ್ನತೊಡಗಿತ್ತು. ನಾನು ಆಗಲೇ ಹೆದರಿದೆ. ನಾನು ಹೆದರುವುದು ದೊಡ್ಡ ಸುದ್ದಿಯೇನಲ್ಲ. ಪಾಠ ಓದಲು ಎಬ್ಬಿಸಿ ನಿಲ್ಲಿಸಿದರೆ ಗಂಟಲು ಕಟ್ಟುತ್ತದೆಂದು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಹಿಂದೆ ಕುಳಿತವಳು ನಾನು. ಕಾಕಾ ಮಾತ್ರ ಅದರಲ್ಲೂ ಒಂದು ಅರ್ಹತೆ ಕಂಡ. "ಪಂಚಶೀಲಾ ನನ್ನ ಸಂಗಾಟ ಬರ್ಲಿ. ನೀರಿನ ಚೀಲ ಹಿಡೀತಾಳ. ನಾ ಮಾತಾಡುವಾಗ ನಡುವ ಬಾಯಿ ಹಾಕಂಗಿಲ್ಲ," ಎಂದು ಅಪ್ಪನಿಗೆ ಹೇಳಿದ. ಹೀಗೆ ಬಾಯಿ ಇಲ್ಲದ ಕಾರಣಕ್ಕೆ ನಾನೂ ಇತಿಹಾಸದ ಸೇವೆಗೆ ಸೇರಿದೆ.

ಮೊದಲ ತಾಲೀಮು ಶುಕ್ರವಾರ ಬೆಳಿಗ್ಗೆ. ಕಾಕಾ ರಾತ್ರಿಯಿಡೀ ಎಲ್ಲ ಬಾಯಿಪಾಠ ಮಾಡಿದ್ದ. ಆದರೆ ಯಾವುದು ಯಾವ ಜಾಗದ್ದು ಎಂಬುದನ್ನು ಮಾತ್ರ ಮಾಡಿರಲಿಲ್ಲ. ಉದ್ದನೆಯ ಫಿರಂಗಿ ತೋಪಿನ ಮುಂದೆ ನಿಂತು, "ಇದರೊಳಗ ಸಾಲಾಗಿ ಕಮಾನುಗಳದಾವ. ಬ್ಯಾಸಿಗ್ಯಾಗ ಎಷ್ಟು ಮಂದಿ ಕುಂತ್ರೂ ತಂಪು," ಎಂದ. ಆಮೇಲೆ ಜಾಮಾ ಮಸೀದಿಯ ಮುಂದೆ ನಿಂತು, "ಇದನ್ನ ಮ್ಯಾಲ ಎಳೀಲಾಕ ಎತ್ತು ಸಾಲಲಿಲ್ಲ, ಆನಿ ತರ್ಸಿದ್ರು," ಎಂದ.

ಪದ್ಮಜಾ ಮೇಡಂ ಹಣೆ ಹಿಡಿದುಕೊಂಡರು. "ಭೀಮಶಾ ಅವರೇ, ಭಾನುವಾರ ಹೊರಗಿನ ಮಂದಿ ಬರ್ತಾರ್ರೀ. ಹಿಂಗಾದ್ರ ನಾನು ಬಿಲ್ಲೆ ವಾಪಸ್ ತಗೋಬೇಕಾಗ್ತದ."

ಬಿಲ್ಲೆ ವಾಪಸ್! ಕಾಕಾನ ಮುಖ ಬಾಡಿದ ಬದನೆಕಾಯಿಯಾಯಿತು. ಕಮಲಾಪುರದಲ್ಲಿ ಖಂದಕ ಸಮೇತ ಕೋಟೆ ಪಡೆದವನು ಈಗ ಬರಿಗೊರಳಲ್ಲಿ ತನ್ವೀರನ ಗಾಡಿಯನ್ನು ದಾಟುವುದಾದರೂ ಹೇಗೆ?

ಆದರೆ ಕಂಡಕ್ಟರನಿಗೆ ಎಲ್ಲದಕ್ಕೂ ಒಂದು ದಾರಿ ಗೊತ್ತು. ಬಸ್ಸಿನ ಮಾರ್ಗವನ್ನು ಅವನು ನೆನಪಿಡುತ್ತಿದ್ದದ್ದು ಊರುಗಳಿಂದಲ್ಲ, ಟಿಕೆಟ್ ದರ ಏರುವ ಸ್ಟೇಜುಗಳಿಂದ. ಒಂದನೇ ಸ್ಟೇಜು, ಎರಡನೇ ಸ್ಟೇಜು. "ನಂಬರ್ ಕಣ್ಣಿಗೆ ಬಿದ್ರ ಸಾಕು, ಕಥಿ ತಾನೇ ಬಾಯಿಗೆ ಬರ್ತದ," ಎಂದ. ಮನೆಯ ಬಾಗಿಲಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣದ ಡಬ್ಬಿಯನ್ನು ಮರುದಿನ ನನ್ನ ಕೈಗೆ ಕೊಟ್ಟ.

ಕೋಟೆಯ ಕಲ್ಲಿಗೆ ಬಣ್ಣ ಮುಟ್ಟಿಸಿದರೆ ಜೈಲು ಎಂದು ಮೇಡಂ ಎಚ್ಚರಿಸಿದ್ದರು. ಕಾಕಾ ಕಾನೂನಿಗೆ ಬಹಳ ಹೆದರುವವನು. ಆದ್ದರಿಂದ ಅವನು ಕೋಟೆಯ ಒಂದು ಕಲ್ಲನ್ನೂ ಮುಟ್ಟದೆ, ಕೋಟೆಯೊಳಗಿನ ಓಣಿಯಲ್ಲಿ ತಲೆಮಾರುಗಳಿಂದ ವಾಸವಾಗಿರುವ ಜನರ ಮನೆಗೋಡೆಗಳ ಮೇಲೆ ನಂಬರು ಬರೆದ. ಮಧ್ಯಾಹ್ನದ ಬಿಸಿಲು. ಕಲಬುರಗಿಯ ಆ ಬಿಸಿಲಿಗೆ ಓಣಿಯೆಲ್ಲ ಬಾಗಿಲು ಹಾಕಿ ಮಲಗಿತ್ತು. ಸೈಕಲ್ ರಿಪೇರಿಯ ಗೋಡೆಗೆ ಒಂದು, ಅದರಾಚೆಯ ನೀಲಿ ಬಾಗಿಲಿನ ಮನೆಗೆ ಎರಡು, ಹಳೆಯ ಬಾವಿಯ ಪಕ್ಕದ ಮನೆಗೆ ಮೂರು. ದೂರದಿಂದ ಕಾಣಲೆಂದು ಪ್ರತಿ ನಂಬರಿನ ಸುತ್ತ ಒಂದು ಸುತ್ತು, ಮುಂದಿನ ದಾರಿ ತಪ್ಪಬಾರದೆಂದು ಒಂದೊಂದು ಬಾಣ.

ನಮ್ಮ ಕಡೆ ಗೋಡೆಯ ಮೇಲೆ ಕೆಂಪು ನಂಬರು ಬಿದ್ದರೆ ಅದರ ಅರ್ಥವೇನೆಂದು ಬುಲ್ಡೋಜರ್ ನೋಡಿದ ಎಲ್ಲರಿಗೂ ಗೊತ್ತು. ಬಣ್ಣ ಬಳಿಯುವಾಗ ನನಗೂ ಅದು ಹೊಳೆದಿತ್ತು. ಆದರೆ ನಡುವೆ ಬಾಯಿ ಹಾಕಬಾರದು ಎಂಬುದೇ ನನ್ನ ನೌಕರಿಯಾಗಿತ್ತಲ್ಲ.

ಬಣ್ಣ ಒಣಗಿತೋ ಇಲ್ಲವೋ ನೋಡಲು ನಾವು ಸಂಜೆ ಮತ್ತೆ ಹೋದಾಗ ಓಣಿ ಓಣಿಯಾಗಿ ಉಳಿದಿರಲಿಲ್ಲ. ಒಲೆ ಹೊತ್ತಿಲ್ಲ, ನಳಕ್ಕೆ ನೀರು ಬಂದರೂ ಕೊಡ ಹಚ್ಚಿಲ್ಲ. ಎಲ್ಲರೂ ಗೋಡೆಗಳ ಮುಂದೆ ನಿಂತಿದ್ದರು. ನೀಲಿ ಬಾಗಿಲಿನ ಜಾಹೇದಾ ಬೀ ಅಳುತ್ತಿದ್ದಳು, ಅಳುತ್ತಲೇ ಬೈಯುತ್ತಿದ್ದಳು.

"ಯಾ ಅಲ್ಲಾ, ಬಾಣ ಬ್ಯಾರೆ ಹೊಡದಾರ! ಎಲ್ಲಿಂದ ಕೆಡವ್ತಾ ಹೋಗ್ಬೇಕಂತ ಡ್ರೈವರ್‌ಗೆ ದಾರಿ ತೋರ್ಸ್ಯಾರ! ಬರ್ದವನ ಕೈ ಸೇದಿಹೋಗ್ಲಿ!"

ಬಾವಿಯ ಪಕ್ಕದ ಮುದುಕಿ ಮಥುರಾಬಾಯಿ ಕಟ್ಟೆಯ ಮೇಲೆ ಕುಳಿತು, "ಅಗಬಾಯಿ, ನಂದು ಮೂರನೇದು. ಒಂದು, ಎರಡು ಕೆಡವೂದ್ರಾಗ ಮಧ್ಯಾಹ್ನ ಆಗ್ತದ. ನಾ ಉಂಡು ಹೋಗ್ತೀನಿ," ಎನ್ನುತ್ತಿದ್ದಳು.

ಅಷ್ಟರಲ್ಲಿ ಸೈಕಲ್ ರಿಪೇರಿಯ ಝಹೀರ್ ಚಾಚಾನ ಕಣ್ಣು ಕಾಕಾನ ಕೊರಳ ಬಿಲ್ಲೆಯ ಮೇಲೆ ಬಿತ್ತು. ಚಾಚಾನ ಕೈಯಲ್ಲಿ ನಟ್ಟು ತಿರುಗಿಸುವ ದೊಡ್ಡ ಪಾನಾ ಇತ್ತು.

"ಸಾಬ್! ನೀವು ಬಿಲ್ಲೆದವರು. ಹೇಳ್ರಿ. ಇದು ಯಾರ ಹಾಕ್ಯಾರ?"

ಕಾಕಾ ಪಾನಾ ನೋಡಿದ. ಜಾಹೇದಾ ಬೀಯ ಬಾಯಿ ನೋಡಿದ. ಸತ್ಯ ಹೇಳಲು ಇದು ಒಳ್ಳೆಯ ಮುಹೂರ್ತವಲ್ಲ ಎಂದು ತೀರ್ಮಾನಿಸಿದ.

"ಮ್ಯಾಲಿಂದ ಬಂದದ್ದದು," ಎಂದ.

ಮೇಲಿನಿಂದ ಎಂದರೆ ಪದ್ಮಜಾ ಮೇಡಂ ಎಂದು ಅವನ ಲೆಕ್ಕ. ಓಣಿಗೆ ಅದು ಬೆಂಗಳೂರಿನಾಚೆ ದಿಲ್ಲಿಯವರೆಗೂ ಕೇಳಿಸಿತು.

"ಯಾವಾಗ ಬರ್ತಾರ?"

"ಭಾನುವಾರ," ಎಂದ ಕಾಕಾ. ಪ್ರವಾಸಿಗರು ಭಾನುವಾರವೇ ಬರುವವರಾದ್ದರಿಂದ ಇದೊಂದಾದರೂ ನಿಜವಾಗಿತ್ತು. ಜಾಹೇದಾ ಬೀ ಕಟ್ಟೆಯ ಮೇಲೆ ಕುಸಿದಳು. ನಾನು ಕೆಂಪು ಮೆತ್ತಿದ ಬೆರಳುಗಳನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡೆ. ಉಗುರಿನ ಸಂದಿಯ ಬಣ್ಣ ಇನ್ನೂ ಹಸಿಯಾಗಿತ್ತು. ದುಪಟ್ಟಾಕ್ಕೂ ಹತ್ತಿತು.

ಬಸ್ಸಿನಲ್ಲಿ ಕಾಕಾ ಕಮಲಾಪುರದವರೆಗೂ ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಇಳಿದ ಮೇಲೆ ಹೇಳಿದ: "ಕೇಳಿದ್ಯಲ್ಲ, ಕೈ ಸೇದಿಹೋಗ್ಲಿ ಅಂದ್ಲು. ಡಬ್ಬಿ ನಿನ್ನ ಕೈಯಾಗಿತ್ತು. ಅರ್ಧಾ ನಿನಗೂ ಹತ್ತತದ."

ನಾವು ಮನೆ ಮುಟ್ಟಿ ಕೈಕಾಲು ತೊಳೆಯುವಷ್ಟರಲ್ಲಿ ಹಿಂದಿನ ಬಸ್ಸಿಗೆ ಓಣಿಯೇ ಬಂದಿಳಿಯಿತು. ಝಹೀರ್ ಚಾಚಾ, ಜಾಹೇದಾ ಬೀ, ಅವಳ ಭುಜ ಹಿಡಿದುಕೊಂಡು ಮಥುರಾಬಾಯಿ. ಬಿಲ್ಲೆಯ ಸಾಹೇಬರು ಕಮಲಾಪುರದವರೆಂದು ಅವರು ಕೋಟೆ ಬಾಗಿಲಿನ ಚಹಾದಂಗಡಿಯಲ್ಲಿ ತಿಳಿದುಕೊಂಡಿದ್ದರು. ಬಸ್ ಸ್ಟ್ಯಾಂಡಿನಲ್ಲಿ ತನ್ವೀರನನ್ನು ಕೇಳಿದರು: "ಭೀಮಶಾ ಅಂಬೋರು ಖರೇ ಅಂದ್ರ ಯಾರ್ರೀ?"

"ಕೋಟಿ ಸಾಹೇಬ್ರಾ?" ತನ್ವೀರ್ ಎದೆಯುಬ್ಬಿಸಿದ. ಊರಿನ ಮಾನದ ಪ್ರಶ್ನೆ. "ಕೋಟಿ ಪೂರಾ ಅವರ ಕೈಯಾಗದ. ಖಂದಕ ಸೈತ. ಇರೋದು ಅವರು ಅಂದ್ರ ಇರ್ತದ, ಹೋಗೋದು ಅಂದ್ರ ಹೋಗ್ತದ."

ಮಥುರಾಬಾಯಿ ಅಲ್ಲೇ ಹೆದರಿ ಅವನಿಂದ ಒಂದು ಬಾಳೆಹಣ್ಣು ಇಸಿದುಕೊಂಡು ತಿಂದಳಂತೆ.

ಕಿಟಕಿಯಿಂದ ಅವರನ್ನು ಕಂಡ ಕಾಕಾ ಹಿತ್ತಲಿಗೆ ಹೋಗಿ ಆಡಿನ ಗುಡಿಸಲಿನಲ್ಲಿ ಕುಳಿತ. ಗುಂಡಮ್ಮ ಕಾಕಿಗೆ ಏನೂ ಗೊತ್ತಿರಲಿಲ್ಲ. ಗಂಡನ ನೌಕರಿಗೆ ನಗರದಿಂದ ಮಂದಿ ಬಂದರೆಂದು ಬಹಳ ಹಿಗ್ಗಿ ಚಹಾ ಇಟ್ಟಳು.

"ಸಾಹೇಬ್ರಿಗೆ ಏನು ಬೇಕಂತ ತಿಳೀವಲ್ದು ಬಾಯಿ," ಎಂದು ಜಾಹೇದಾ ಬೀ ಸೆರಗೊಡ್ಡಿದಳು. "ಏನ್ ಮಾಡಿದ್ರ ಉಳೀತೀವಿ?"

"ಅವಗೇನು ಬೇಕ್ರೀ? ಹಳೀ ಕಥಿ ಬೇಕು," ಎಂದಳು ಕಾಕಿ. "ಎರಡು ದಿನದಿಂದ ಅದೇ ಹುಚ್ಚು. ಯಾರ ಅಜ್ಜ ಏನ್ ಮಾಡ್ತಿದ್ದ, ಯಾರ ಮುತ್ತಜ್ಜಿ ಎಲ್ಲಿಂದ ಬಂದ್ಲು. ಅಂಥಾವು ಹೇಳ್ರಿ, ಖುಷ್ ಆಗ್ತಾನ. ಭಾನುವಾರ ಬರೋರೂ ಅದನ್ನೇ ಕೇಳ್ಲಾಕ ಬರ್ಲಾಕತ್ತಾರಂತ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊತ್ತಾಯಿತು. ಬರುವುದು ವಿಚಾರಣೆಯ ಕಮಿಟಿ. ಯಾರ ಬೇರು ಹಳತೋ ಅವರ ಮನೆ ಉಳಿಯುತ್ತದೆ. ಬಾಗಿಲ ಹಿಂದೆ ನಿಂತಿದ್ದ ನಾನು ಇಲ್ಲವೆನ್ನಲು ಬಾಯಿ ತೆರೆದೆ. ಬರೀ ಗಾಳಿ ಬಂತು. ಹಿತ್ತಲಲ್ಲಿ ಆಡು ಒದರಿತು, ಅದರ ಜೊತೆಗೆ ಕಾಕಾನೂ ಸಣ್ಣಗೆ ಒದರಿದಂತೆ ಕೇಳಿಸಿತು.

ಭಾನುವಾರ ಪ್ರವಾಸಿಗರು ಬಂದರು. ಟೋಪಿ, ಕಪ್ಪು ಕನ್ನಡಕ, ಕ್ಯಾಮೆರಾ. ಕಮಿಟಿಯೆಂದರೆ ಹೀಗೆಯೇ ಇರಬೇಕು. ಮುಂದೆ ಪದ್ಮಜಾ ಮೇಡಂ, ಅವರ ಹಿಂದೆ ಗೋಡೆಗೆ ಬೆನ್ನು ತಾಗಿಸಿಕೊಂಡು ನಡೆಯುವ ಕಾಕಾ, ಅವನ ಹಿಂದೆ ನೀರಿನ ಚೀಲದೊಂದಿಗೆ ನಾನು.

ಒಂದನೇ ನಂಬರಿನಲ್ಲಿ ಕಾಕಾ ಬಾಯಿ ತೆರೆಯುವ ಮೊದಲೇ ಝಹೀರ್ ಚಾಚಾ ಎದುರು ಬಂದು ಸಲಾಂ ಹೊಡೆದ.

"ನಮ್ಮ ದಾದಾ ನಿಜಾಮನ ಕಾಲದಾಗ ಇದೇ ಗ್ವಾಡಿಗೆ ಕುಂತು ಸೈಕಲ್ ರಿಪೇರಿ ಮಾಡ್ತಿದ್ರು ಸಾಬ್. ಪೊಲೀಸರ ಸೈಕಲ್ಲೂ ಅವರೇ, ಕಳ್ಳರ ಸೈಕಲ್ಲೂ ಅವರೇ. ಕಳ್ಳರು ರೊಕ್ಕ ಕೊಡ್ತಿದ್ರು, ಪೊಲೀಸರು ಕೊಡ್ತಿದ್ದಿಲ್ಲ. ಅದಕ್ಕ ಕಳ್ಳರು ಎಂದೂ ಸಿಗಲಿಲ್ಲ!"

ಕಮಿಟಿ ನಕ್ಕಿತು. ನಕ್ಕದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಚಾಚಾ ಬೆವರಿದ.

ಎರಡನೇ ನಂಬರಿನಲ್ಲಿ ಜಾಹೇದಾ ಬೀ ಹೊಸ್ತಿಲಿಗೆ ಅಡ್ಡಲಾಗಿ ದೊಡ್ಡ ಕೌದಿ ಹರವಿದ್ದಳು. "ನಮ್ಮ ನಾನಿ ಹೊಲದದ್ದು. ಈ ಖಾಕಿ ತುಂಡು ಒಬ್ಬ ಪೊಲೀಸನದು, ಝಹೀರ್ ಭಾಯಿಯ ದಾದಾಗ ರೊಕ್ಕ ಕೊಡದವಂದು. ಈ ಹಸರು ನಮ್ಮ ನಿಕಾಹದ್ದು. ಈ ಜರಿ ಮಥುರಾಬಾಯಿ ಅತ್ತೀದು, ಒಂಬತ್ತು ಮೊಳದ ಸೀರಿ. ಓಣಿ ಪೂರಾ ಇದರಾಗದ. ಇಲ್ಲಿಂದ ಕಿತ್ತ್ರ ಎಲ್ಲಾ ಹರೀತದ ಸಾಹೇಬ್ರ!"

ನಾನು ಹೊಲಿಗೆಯವಳು. ಆ ಕೌದಿಯ ಹೊಲಿಗೆ ನೋಡಿ ಒಂದು ಗಳಿಗೆ ಹೆದರುವುದನ್ನೂ ಮರೆತೆ.

ಮೂರನೆಯದರಲ್ಲಿ ಮಥುರಾಬಾಯಿ ಎದ್ದು ನಿಲ್ಲಲಿಲ್ಲ. ಕಮಿಟಿಯನ್ನೇ ಬಾವಿಯ ಸುತ್ತ ಕೂಡಿಸಿದಳು. "ನಮ್ಮತ್ತಿ ಬಲು ಮಡಿ. ಜಾಹೇದಾನ ನಾನಿ ಕೈಯಿಂದ ನೀರು ಮುಟ್ತಿರ್ಲಿಲ್ಲ. ಆದ್ರ ಬಾವಿ ಹಗ್ಗ ಇದ್ದದ್ದು ಆ ನಾನೀದು. ಏನ್ ಮಾಡೋದು? ಹಗ್ಗ ನೀರಾಗ ಅದ್ದಿದ್ಲು. ಒದ್ದಿ ಇದ್ದದ್ದು ಮಡಿ ಅಂದ್ಲು. ದಿನಾ ಅದೇ ಹಗ್ಗಲೇ ಸೇದಿದ್ಲು!"

ಎಲ್ಲರೂ ನಗುತ್ತಿರುವಾಗ, ಅಲ್ಲಿಯವರೆಗೆ ಗೋಡೆಗೆ ಅಂಟಿಕೊಂಡಿದ್ದ ಕಾಕಾ ಅಂದುಬಿಟ್ಟ: "ನಮ್ಮಜ್ಜ ಇದೇ ಕೋಟಿ ರಿಪೇರಿಗೆ ಕಲ್ಲು ಹೊತ್ತಾನ ಆಯಿ. ಅವಗ ಆ ಹಗ್ಗಾನೂ ಮುಟ್ಟಗೊಟ್ಟಿದ್ದಿಲ್ಲ."

ನಗು ನಿಂತಿತು. ಕಾಕಾ ತನ್ನ ಮಾತಿಗೆ ತಾನೇ ಬೆಚ್ಚಿ ಸೀಟಿ ಹಿಡಿದುಕೊಂಡ.

ಮಥುರಾಬಾಯಿ ಬಾವಿಯ ಕಟ್ಟೆಯನ್ನು ಕೈಯಿಂದ ಸವರಿದಳು. "ಹೌದಪಾ. ಖರೇ ಅದ. ಅದನ್ನೂ ಹೇಳು. ಅದು ಬಿಟ್ಟು ಹೇಳಿದ್ರ ನಂದು ಸುಳ್ಳ ಕಥಿ."

ಪದ್ಮಜಾ ಮೇಡಂ ಕಣ್ಣೊರೆಸಿಕೊಂಡು, ತಾವು ಬಯಸಿದ್ದು ಇಂಥದ್ದನ್ನೇ ಎಂದು ಕಾಕಾನ ಕೈ ಕುಲುಕುವುದಕ್ಕೂ, ಜಾಹೇದಾ ಬೀ ಓಡಿಬಂದು ಅವರ ಕಾಲು ಹಿಡಿಯುವುದಕ್ಕೂ ಸರಿಹೋಯಿತು.

"ಮೇಡಂ, ಹೇಳೋದೆಲ್ಲ ಹೇಳೀವಿ. ಮನಿ ಬಿಡ್ರಿ!"

"ಯಾವ ಮನಿ? ಯಾರು ಕೆಡವ್ತಾರ?"

"ಮತ್ತ ಈ ಕೆಂಪು ನಂಬರ್ ಯಾರ ಹಾಕ್ಯಾರ?"

"ನಂಬರಾ?" ಮೇಡಂ ಗೋಡೆ ನೋಡಿದರು, ಬಾಣ ನೋಡಿದರು. ಜಾಹೇದಾ ಬೀ ನನ್ನ ದುಪಟ್ಟಾದ ಕೆಂಪು ಕಲೆ ನೋಡಿದಳು. ಆಮೇಲೆ ಓಣಿಯೆಲ್ಲ ಕಾಕಾನನ್ನು ನೋಡಿತು.

ಕಾಕಾ ಎರಡು ಸೀಟಿ ಊದಿ ತಾನೇ ಹೊರಟ.

ಅವನ ಹಿಂದೆ ಪಂಪು ಹಿಡಿದು ಝಹೀರ್ ಚಾಚಾ, ಅವನ ಹಿಂದೆ ಕೌದಿ ಹೊತ್ತು ಜಾಹೇದಾ ಬೀ, ಅವರ ಹಿಂದೆ, ಇದು ನಾಲ್ಕನೆಯ ಸ್ಟೇಜಿರಬೇಕೆಂದು, ಕ್ಯಾಮೆರಾ ಎತ್ತಿಕೊಂಡು ಪ್ರವಾಸಿಗರೆಲ್ಲ ಓಡಿದರು. ಕೊನೆಗೆ ತೋಪಿನ ಬುಡದಲ್ಲಿ ಕಾಕಾ ಸಿಕ್ಕ. ಪೆಟ್ಟು ಬೀಳುವುದರಲ್ಲಿತ್ತು. ಆದರೆ ಏದುಸಿರು ಬಿಡುತ್ತಿದ್ದ ಕಾಕಾ ಅಭ್ಯಾಸಬಲದಿಂದ, "ಈ ತೋಪನ್ನ ಮ್ಯಾಲ ಎಳೀಲಾಕ ಎತ್ತು ಸಾಲಲಿಲ್ಲ," ಎಂದು ಶುರುಮಾಡಿದ. ಮೊದಲ ಸಲ ಸರಿಯಾದ ಜಾಗದಲ್ಲಿ ಸರಿಯಾದ ಕಥೆ ಬಂದಿತ್ತು. ಮಂದಿ ಚಪ್ಪಾಳೆ ಹೊಡೆದರು. ಚಪ್ಪಾಳೆಯ ನಡುವೆ ಹೊಡೆಯುವುದು ಸರಿಕಾಣದೆ ಝಹೀರ್ ಚಾಚಾ ಪಂಪು ಇಳಿಸಿದ.

ಬೈಗುಳ ಮಾತ್ರ ತಿಂಗಳೊಪ್ಪತ್ತು ನಡೆಯಿತು. ಆದರೆ ನಂಬರು ಅಳಿಸಲು ಹೋದರೆ ಯಾರೂ ಬಿಡಲಿಲ್ಲ. ಭಾನುವಾರ ಬಂದವರು ಝಹೀರ್ ಚಾಚಾನ ಜೊತೆ ಫೋಟೋ ತೆಗೆಸಿಕೊಂಡರು, ಜಾಹೇದಾ ಬೀಗೆ ಕೌದಿ ಹೊಲಿಯಲು ಹೇಳಿದರು. ನಂಬರಿಲ್ಲದ ಮನೆಗಳು ಮುನಿಸಿಕೊಂಡವು. "ನಮ್ಮ ಮನ್ಯಾಗೇನು ಅಜ್ಜ ಇದ್ದಿಲ್ಲೇನು? ನಾವೇನು ಮುಗಿಲಿಂದ ಬಿದ್ದೀವೇನು?" ಎಂದು ಕಾಕಾನನ್ನು ತಡೆದು ಕೇಳಿದವು. ಬಣ್ಣದ ಡಬ್ಬಿ ಕಂಡರೆ ಓಣಿಗೆ ಹಬ್ಬವಾಗತೊಡಗಿತು.

ನನಗೆ ಬೇರೊಂದು ಹೆದರಿಕೆ ಹುಟ್ಟಿದ್ದು ಆ ಹಬ್ಬದ ದಿನಗಳಲ್ಲೇ. ಯಾಕೆಂದು ಹೇಳಲು ಬರುತ್ತಿರಲಿಲ್ಲ.

ಒಂದು ಬುಧವಾರ, ಮಾಸಿದ ಎರಡನೇ ನಂಬರನ್ನು ತಿದ್ದಲು ನಾವು ಹೋದಾಗ ಓಣಿಯಲ್ಲಿ ಒಬ್ಬ ಹೊಸ ಮನುಷ್ಯನಿದ್ದ. ಕೈಯಲ್ಲಿ ಉದ್ದನೆಯ ಅಳತೆಯ ಟೇಪು, ಪಕ್ಕದಲ್ಲಿ ಹಳದಿ ಬಣ್ಣದ ಡಬ್ಬಿ. ಯಾವ ಕಚೇರಿಯವನೆಂದು ಯಾರೂ ಕೇಳಲಿಲ್ಲ. ಕೇಳುವಷ್ಟು ಪುರುಸೊತ್ತಾದರೂ ಯಾರಿಗಿತ್ತು? ಜಾಹೇದಾ ಬೀ ಶರಬತ್ತು ಕದಡುತ್ತಿದ್ದಳು. ನಂಬರಿಲ್ಲದ ಮನೆಯವರು, "ನಮ್ಮದು ದೊಡ್ಡದಾಗಿ ಹಾಕ್ರಿ ಸಾಹೇಬ್ರ, ದೂರದಿಂದ ಕಾಣ್ಬೇಕು," ಎಂದು ಅವನ ತೋಳು ಜಗ್ಗುತ್ತಿದ್ದರು.

ಕಾಕಾ ಹಿಗ್ಗಿಹೋದ. "ಅರೆ! ನೀವೂ ಸ್ಟೇಜ್ ಹಾಕ್ಲಾಕ ಬಂದೀರೇನು?"

"ಹೂಂ," ಎಂದ ಅವನು ತಲೆ ಎತ್ತದೆ. "ಈ ತುದಿ ಹಿಡೀರಿ."

ಕಾಕಾ ಟೇಪಿನ ತುದಿ ಹಿಡಿದು ಓಣಿಯ ನಡುವೆ ಕಂಬದಂತೆ ನಿಂತ. ಆ ಮನುಷ್ಯ ಟೇಪು ಎಳೆಯುತ್ತ ಜಾಹೇದಾ ಬೀಯ ಮನೆಯ ಕಡೆ ನಡೆದ. ಗೋಡೆಯ ಬಳಿ ನಿಲ್ಲಲಿಲ್ಲ. ಹೊಸ್ತಿಲ ಬಳಿ ನಿಲ್ಲಲಿಲ್ಲ. ಒಳಗೆ ಹೋದ. ಜಾಹೇದಾ ಬೀ ಸಂತೋಷದಿಂದ ಮಂಚ ಸರಿಸಿ ಜಾಗ ಮಾಡಿಕೊಟ್ಟಳು. ಅವನು ಒಲೆಯ ಮೇಲಿನ ಗೋಡೆಗೆ ಸುಣ್ಣದ ಕಡ್ಡಿಯಿಂದ ಒಂದು ಚುಕ್ಕೆ ಇಟ್ಟ. ಹೊರಬಂದು ಹಳದಿ ಬಣ್ಣದಲ್ಲಿ ಕುಂಚ ಅದ್ದಿ ಮತ್ತೆ ಒಳಗೆ ಹೊರಟ. ಅಜ್ಜನ ಹೆಸರು ಕೇಳಲಿಲ್ಲ. ಯಾರ ಹೆಸರನ್ನೂ ಕೇಳಲಿಲ್ಲ.

ಕಾಕಾನ ನಂಬರುಗಳೆಲ್ಲ ಮನೆಯ ಹೊರಗಿದ್ದವು. ಈ ಚುಕ್ಕೆ ಒಲೆಯ ಮೇಲಿತ್ತು, ಬುಲ್ಡೋಜರ್ ಅಲ್ಲಿಯವರೆಗೂ ಬರಬೇಕೆಂಬ ಗುರುತಿನಂತೆ.

ನಡುವೆ ಬಾಯಿ ಹಾಕಬಾರದೆಂಬ ನನ್ನ ನೌಕರಿ ನೆನಪಾಯಿತು. ಕಾಲು ಮಾತ್ರ ಹೇಗೋ ಹೊಸ್ತಿಲಿಗೆ ಅಡ್ಡ ಹೋಗಿ ನಿಂತಿತ್ತು. ಅವನು ಪಕ್ಕಕ್ಕೆ ಸರಿ ಎಂದು ಕುಂಚ ಆಡಿಸಿದ. ನಾನು ಸರಿಯಲಿಲ್ಲ.

"ಸಾಹೇಬ್ರ," ಎಂದೆ. ನನ್ನ ದನಿ ನನಗೇ ಗುರುತಾಗಲಿಲ್ಲ. "ಒಂದನೇ ಸ್ಟೇಜಿಂದ ಕೇಳ್ಬೇಕು. ನಡುವ ಹತ್ತಂಗಿಲ್ಲ."

"ಏನ್ ಕೇಳ್ಬೇಕು?"

"ಒಳಗ ಚುಕ್ಕಿ ಇಟ್ಟೀರಲ್ಲ, ಅದು ಯಾರ ಒಲಿ ಅಂತ."

ಓಣಿಯೆಲ್ಲ ನನ್ನನ್ನು ನೋಡಿತು. ಆಮೇಲೆ ಒಳಗಿನ ಚುಕ್ಕೆಯನ್ನು ನೋಡಿತು. ಕಾಕಾ ಕೈಯಲ್ಲಿದ್ದ ತುದಿಯನ್ನೊಮ್ಮೆ ನೋಡಿಕೊಂಡು, ಹಾವು ಹಿಡಿದವನಂತೆ ಬಿಟ್ಟುಬಿಟ್ಟ. ಟೇಪು ಸರ್ರನೆ ಸರಿದು ಆ ಮನುಷ್ಯನ ಬೆರಳಿಗೆ ಬಡಿದು ತನ್ನ ಗೂಡು ಸೇರಿತು. ಕುಂಚ ಕೆಳಗೆ ಬಿತ್ತು. ಅವನು ಬೈದು ಅದನ್ನೆತ್ತಲು ಬಗ್ಗಿದಾಗ ಕಾಕಾ ಸೀಟಿ ಬಾಯಿಗಿಟ್ಟ. ಒಣಗಿದ ತುಟಿ. ಮೊದಲು ಉಸಿರಷ್ಟೇ ಬಂತು. ಆಮೇಲೆ ಊದಿದ.

ಒಂದೇ ಸೀಟಿ.

ಬಸ್ಸಿನಲ್ಲಿ ಓಡಾಡಿ ಬೆಳೆದ ಮನುಷ್ಯನಿರಬೇಕು. ಕೈ ಚಾಚಿದವನು ಹಾಗೆಯೇ ನಿಂತ. ಜಾಹೇದಾ ಬೀ ಅವನ ಚಾಚಿದ ಕೈಗೆ ಶರಬತ್ತಿನ ಗ್ಲಾಸು ಇಟ್ಟಳು.

"ಕುಡೀರಿ ಸಾಹೇಬ್ರ. ಆರಾಮ ಕುಡೀರಿ. ಕಥಿ ಉದ್ದ ಅದ."

ಝಹೀರ್ ಚಾಚಾ ತನ್ನ ಸ್ಟೂಲು ತಂದು ಹಾಕಿದ. ಬಿಸಿಲು ಜೋರಿತ್ತು. ಆ ಮನುಷ್ಯ ಗ್ಲಾಸು ಹಿಡಿದು ಕುಳಿತ. ನಾನು ನಿಜಾಮನ ಕಾಲದ ಸೈಕಲ್ಲಿನಿಂದ ಶುರುಮಾಡಿದೆ. ಕಳ್ಳರು, ಪೊಲೀಸರು, ಖಾಕಿ ತುಂಡು, ಜರಿ. ಮಾತು ತಾನಾಗಿ ಬರುತ್ತಿತ್ತು. ಅವನು ಒಮ್ಮೆ ಗಡಿಯಾರ ನೋಡಿದ, ಇನ್ನೊಮ್ಮೆ ನೋಡಲಿಲ್ಲ. ಮುಚ್ಚಳ ತೆರೆದಿಟ್ಟ ಡಬ್ಬಿಯಲ್ಲಿ ಹಳದಿ ಬಣ್ಣ ಬಿಸಿಲಿಗೆ ಕೆನೆಗಟ್ಟತೊಡಗಿತ್ತು. ನನ್ನ ಒಂದು ಕಣ್ಣು ಅದರ ಮೇಲೆಯೇ ಇತ್ತು. ಕೆನೆ ಇನ್ನೂ ತೆಳ್ಳಗಿತ್ತು, ಅದು ಗಟ್ಟಿಯಾಗುವವರೆಗೆ ಕಥೆ ಎಳೆಯಬೇಕಿತ್ತು.

"ಮುಂದ?" ಎಂದ ಅವನು. "ಆ ಬಾವಿ ಹಗ್ಗ ಏನಾತು?"

ನಾನು ಹೆದರಿಕೆಗೆ ಅವಸರವಸರವಾಗಿ ಬಾವಿಯ ಕಥೆಗೆ ಬಂದುಬಿಟ್ಟಿದ್ದೆ. ಹಿಂದಿನಿಂದ ಮಥುರಾಬಾಯಿ ನನ್ನ ದುಪಟ್ಟಾ ಮೆಲ್ಲಗೆ ಜಗ್ಗಿದಳು.

"ನಿಧಾನ ಹೇಳವಾ," ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. "ನಮ್ಮತ್ತಿ ಇನ್ನೂ ಮದಿವ್ಯಾಗಿ ಈ ಊರಿಗೇ ಬಂದಿಲ್ಲ."